ಪಡಸಾಲೆಯ ಪಕ್ಷ

ಹೋದ ತಿಂಗಳು ಸಿಂದಗಿಯಲ್ಲಿ ನಮ್ಮ ಪಕ್ಷದ ಸಭೆ ಇತ್ತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಕುರ್ಚಿಗಳಿಗೆ ಒಂದು ವಾಸನೆ ಇರುತ್ತದೆ, ನೀವೂ ಕಂಡಿರಬೇಕು. ಹೊಸ ಚಪ್ಪಲಿ ಅಂಗಡಿಯೊಳಗೆ ಹೊಕ್ಕ ಹಾಗೆ. ಆ ವಾಸನೆಯ ನಡುವೆ, ಮೂರನೆಯ ಸಾಲಿನಲ್ಲಿ, ನೋಯುವ ಮೊಣಕಾಲನ್ನು ಮುಂದಕ್ಕೆ ಚಾಚಿಕೊಂಡು ಕೂತಿದ್ದೆ. ವೇದಿಕೆಯ ಮೇಲೆ ಒಬ್ಬ ತರುಣ ಮಾತಾಡುತ್ತಿದ್ದ. ಗಂಟಲು ಚೆನ್ನಾಗಿತ್ತು, ಅಂಗಿಯ ಇಸ್ತ್ರಿ ಅದಕ್ಕಿಂತ ಚೆನ್ನಾಗಿತ್ತು. ನಾವು ಸಂಪ್ರದಾಯವಾದಿಗಳು, ಅದನ್ನು ಎದೆ ತಟ್ಟಿ ಹೇಳುತ್ತೇವೆ ಎಂದು ಆತ ಅಂದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಟ್ಟುತ್ತಿದ್ದಂತೆಯೇ ನನಗೆ ನಗು ಬಂತು. ಪಕ್ಕದ ಹೆಣ್ಣುಮಗಳು ನನ್ನತ್ತ ತಿರುಗಿ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ ಹಾಗೆ ಮಾಡಿದೆ.

ನಗು ಬಂದದ್ದು ಯಾಕೆಂದರೆ, ಇದೇ ಪಕ್ಷದಲ್ಲಿ ಮೂವತ್ತು ವರ್ಷದ ಹಿಂದೆ ಇದೇ ಮಾತು ಒಂದು ಬೈಗುಳವಾಗಿತ್ತು. ಅದನ್ನು ಹೆಚ್ಚಾಗಿ ಬಳಸುತ್ತಿದ್ದದ್ದು ನಮ್ಮ ಮಾವನವರ ಮೇಲೆ. ಅವರ ಬೆನ್ನ ಹಿಂದೆ ಬಳಸುತ್ತಿದ್ದವರಲ್ಲಿ ನಾನೂ ಒಬ್ಬಳು.

ಮಾವನವರು ಅಂದರೆ ಈರಪ್ಪಗೌಡರು. ನಮ್ಮೂರು ಇಂಡಿಗೂ ಹೊರ್ತಿಗೂ ನಡುವೆ, ಡಾಂಬರು ರಸ್ತೆಯಿಂದ ಒಂದಿಷ್ಟು ಒಳಗೆ. ಜೋಳದ ಹೊಲ, ಬಾವಿಯ ಪಕ್ಕ ನಿಂಬೆ ತೋಟ, ಊರ ನಡುವೆ ಹಳೆಯ ಮನೆ, ಮನೆಯ ಮುಂಭಾಗಕ್ಕೆ ಒಂದು ಉದ್ದನೆಯ ಪಡಸಾಲೆ. ಪಕ್ಷ ನಮ್ಮ ಭಾಗಕ್ಕೆ ಬಂದ ಹೊಸದರಲ್ಲಿ ತಾಲೂಕಿನ ಕಾರ್ಯಕರ್ತರೆಲ್ಲ ಒಂದೇ ಜೀಪಿನಲ್ಲಿ ಹಿಡಿಸುತ್ತಿದ್ದರಂತೆ. ಆ ಜೀಪಿನ ಮುಂದಿನ ಸೀಟು ಮಾವನವರದು. ಅವರು ಪಕ್ಷ ಸೇರಿದ್ದು ಯಾವ ಭಾಷಣ ಕೇಳಿಯೂ ಅಲ್ಲ. ಆಗ ಬಂದಿದ್ದ ಒಬ್ಬ ಮುಖಂಡರು ಹೇಳಿದ ವೇಳೆಗೆ ಸರಿಯಾಗಿ ಬಂದರು, ಚಪ್ಪಲಿ ಹೊರಗೆ ಬಿಟ್ಟರು, ಊಟ ಮಾಡಿದ ತಾಟಿನಲ್ಲಿ ಒಂದು ಅಗುಳೂ ಬಿಡಲಿಲ್ಲ. ಇಂಥವರ ಪಕ್ಷ ಕೆಟ್ಟದ್ದಿರಲಾರದು ಎಂದು ಸೇರಿದೆ ಅಂತ ಅವರೇ ಹೇಳುತ್ತಿದ್ದರು.

ಪ್ರತಿ ಭಾನುವಾರ ನಮ್ಮ ಪಡಸಾಲೆಯಲ್ಲಿ ಸಭೆ. ಜಮಖಾನ ಹಾಸಿ ಎಲ್ಲರೂ ನೆಲದ ಮೇಲೆ ಕೂಡಬೇಕು. ಇಬ್ಬರೇ ಬಂದಿದ್ದರೂ ವೇಳೆಗೆ ಸಭೆ ಶುರುವಾಗಬೇಕು. ತಡವಾಗಿ ಬಂದವರು ಚಪ್ಪಲಿಗಳ ಹತ್ತಿರ ಕೂಡಬೇಕು. ಎದುರು ಪಕ್ಷದವರ ಹೆಸರು ಹೇಳುವಾಗ ಏಕವಚನ ಕೂಡದು. ಎದುರು ಪಕ್ಷದವರ ಓಣಿಯಲ್ಲಿ ಸಾವಾದರೆ ನಮ್ಮ ಮೈಕು ಮೂರು ದಿನ ಬಾಯಿ ತೆರೆಯುವಂತಿಲ್ಲ. ಪ್ರತಿ ಚುನಾವಣೆಯ ಪ್ರಚಾರ ಶುರುವಾಗುವ ದಿನ ಮೊದಲು ಹನುಮಪ್ಪನ ಗುಡಿ, ಆಮೇಲೆ ಊರ ದರ್ಗಾದಲ್ಲಿ ಸಕ್ಕರೆ ಓದಿಸಿ ಪ್ರಸಾದವಾಗಿ ಹಂಚುವುದು, ಆಮೇಲೆ ಎದುರು ಪಕ್ಷದ ಹಿರಿಯ ಖಾಜಾ ಮಾಸ್ತರರ ಮನೆಯಲ್ಲಿ ಒಂದು ಕಪ್ಪು ಚಹಾ. ಖಾಜಾ ಮಾಸ್ತರರು ಊರ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಪಕ್ಷದ ಪ್ರಚಾರ ಶುರುವಾಗುವ ದಿನ ಅವರು ನಮ್ಮಲ್ಲಿಗೆ ಬರುತ್ತಿದ್ದರು. ಚಹಾ ಕುಡಿದ ಮರುದಿನದಿಂದ ಇಬ್ಬರೂ ಒಬ್ಬರ ಪಕ್ಷವನ್ನು ಇನ್ನೊಬ್ಬರು ಹಣ್ಣಾಗುವಂತೆ ಟೀಕಿಸುತ್ತಿದ್ದರು.

ಇನ್ನೂ ಒಂದು ನಿಯಮವಿತ್ತು. ಸಭೆ ನಡೆಯುವಾಗ ಮನೆಯ ಹೆಂಗಸರು ಪಡಸಾಲೆಗೆ ಬರುವಂತಿಲ್ಲ. ಚಹಾದ ತಾಟು ಬಾಗಿಲ ತನಕ, ಅಲ್ಲಿಂದ ಮುಂದೆ ಗಂಡಸರ ಕೈಗೆ.

ನಾನು ಮುದ್ದೇಬಿಹಾಳದ ಹುಡುಗಿ. ಬಿ.ಎ. ಮುಗಿಸಿ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸ್ತ್ರೀ ಸ್ವಾತಂತ್ರ್ಯದ ಮೇಲೆ ಮಾತಾಡಿ ಒಂದು ಸ್ಟೀಲಿನ ಡಬ್ಬಿ ಬಹುಮಾನ ಗೆದ್ದು, ತೊಂಬತ್ತರ ದಶಕದ ಆರಂಭದಲ್ಲಿ ಆ ಮನೆಗೆ ಸೊಸೆಯಾಗಿ ಬಂದೆ. ಆರು ತಿಂಗಳಲ್ಲಿ ಈ ಮನೆಯನ್ನು ಸುಧಾರಿಸುತ್ತೇನೆ ಎಂದು ನನ್ನೊಳಗೆ ಠರಾವು ಪಾಸು ಮಾಡಿಕೊಂಡಿದ್ದೆ. ಆರು ತಿಂಗಳಾದ ಮೇಲೆ ನೋಡಿದರೆ ನಾನು ಅತ್ತೆಯ ಪಕ್ಕ ಬಾಗಿಲ ಹಿಂದೆ ನಿಂತು ಚಹಾದ ತಾಟು ಹಿಡಿದಿದ್ದೆ, ಬಹುಮಾನದ ಡಬ್ಬಿಯಲ್ಲಿ ಸಭೆಯ ಚಹಾಕ್ಕೆ ಬೇಕಾದ ಸಕ್ಕರೆ ಇತ್ತು. ಆದರೆ ಬಾಗಿಲ ಹಿಂದೆ ನಿಲ್ಲುವುದರಲ್ಲಿ ಒಂದು ಲಾಭವಿದೆ. ಮುಖ ಕಾಣದಿದ್ದರೆ ದನಿ ಚೆನ್ನಾಗಿ ಕೇಳುತ್ತದೆ. ಯಾರು ಹೇಳುವುದರಲ್ಲಿ ಹುರುಳಿದೆ, ಯಾರು ಬರಿ ಗಾಳಿ ಹೊಡೆಯುತ್ತಿದ್ದಾರೆ ಎಂದು ಒಂದು ವರ್ಷದಲ್ಲಿ ನನಗೆ ಚಲೋ ಅಂದಾಜು ಸಿಕ್ಕಿತ್ತು.

ಆ ದನಿಗಳಲ್ಲಿ ಎಲ್ಲಕ್ಕಿಂತ ಚುರುಕಾದದ್ದು ಮಹಾದೇವ ವಕೀಲರದು. ಇಂಡಿಯಲ್ಲಿ ಆಗತಾನೇ ವಕೀಲಿ ಶುರು ಮಾಡಿದ್ದ ತರುಣ, ತಾಲೂಕಿಗೆ ಪಕ್ಷದ ಕಾರ್ಯದರ್ಶಿ. ಪ್ಯಾಂಟಿನ ಗೆರೆ ಮುರಿಯುತ್ತದೆ ಎಂದು ಜಮಖಾನದ ಮೇಲೆ ಕೂಡಲು ಆತನಿಗೆ ಕಷ್ಟವಾಗುತ್ತಿತ್ತು. ಪಕ್ಷ ಆಧುನಿಕವಾಗಬೇಕು, ಈ ಸಂಪ್ರದಾಯಸ್ಥರನ್ನು ಕಟ್ಟಿಕೊಂಡರೆ ನಾವು ಗೆದ್ದಂತೆಯೇ ಎಂದು ಆತ ನಮ್ಮವರ ಹತ್ತಿರ ಅಂಗಳದಲ್ಲಿ ನಿಂತು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ, ಮನಸ್ಸಿನಲ್ಲೇ ಹೌದೆಂದಿದ್ದೆ. ನಮ್ಮವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಮ್ಮ ಯಜಮಾನರ ಬಗ್ಗೆ ಇಷ್ಟು ಹೇಳಿದರೆ ಸಾಕು: ಸೀನುವ ಮೊದಲೂ ಒಮ್ಮೆ ತಂದೆಯ ಮುಖ ನೋಡುವ ಮನುಷ್ಯ.

ಆ ಹೊತ್ತಿಗೆ ಪಂಚಾಯತಿಗಳಲ್ಲಿ ಹೆಂಗಸರಿಗೆ ಮೀಸಲು ಬಂತು. ಊರ ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ ನಿಜ, ಆದರೆ ಯಾರು ಯಾರ ಕಡೆಯವರು ಅನ್ನುವುದು ದನ ಕಾಯುವವರಿಗೂ ಗೊತ್ತಿರುತ್ತದೆ. ನಮ್ಮ ಓಣಿಯ ಜಾಗ ಹೆಂಗಸರಿಗೆ ಹೋಯಿತು. ಮಹಾದೇವ ವಕೀಲರು ಬಂದು, ಗೌಡರ ಸೊಸೆಯ ಹೆಸರು ಬರೆಸಿಬಿಡೋಣ, ಹೆಸರು ಸಾಕು, ಉಳಿದದ್ದೆಲ್ಲ ಗಂಡಸರು ನೋಡಿಕೊಳ್ಳುತ್ತಾರೆ ಎಂದರು. ಆಧುನಿಕರು ಹಾಗೆ ಅಂದರು, ಗಮನಿಸಿ. ನಮ್ಮ ಮಾವನವರು ನಾಲ್ಕು ದಿನ ಒಪ್ಪಲಿಲ್ಲ. ಅವರಿಗೆ ಚುನಾವಣೆಗಿಂತ ಹೆಚ್ಚು ಚುಚ್ಚುತ್ತಿದ್ದದ್ದು ಗೋಡೆ ಬರಹ. ಮನೆಯ ಹೆಣ್ಣುಮಗಳ ಹೆಸರನ್ನು ಕೆಮ್ಮಣ್ಣಿನಿಂದ ಊರ ಗೋಡೆಗಳ ಮೇಲೆ ಬರೆಯುವುದು, ಅದಕ್ಕೆ ಕತ್ತೆಗಳು ಬಂದು ಮೈ ತಿಕ್ಕುವುದು, ಇದನ್ನು ಯೋಚಿಸಿಯೇ ಅವರು ಊಟ ಕಡಿಮೆ ಮಾಡಿದರು.

ಐದನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಮಾವನವರು ಅಲ್ಲಿಗೆ ಬಂದವರಲ್ಲ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತೆ.

"ಯವ್ವಾ, ನಿನ್ನ ಹೆಸರು ಕೇಳಾಕತ್ತಾರ. ನಿನಗ ಮನಸೈತೇನು?"

ಎರಡು ವರ್ಷದಲ್ಲಿ ನನಗೆ ಮನಸ್ಸಿದೆಯೇ ಎಂದು ಆ ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಚರ್ಚಾಸ್ಪರ್ಧೆಯ ಮಾತುಗಾರ್ತಿ ನಾನು, "ಹೂಂರಿ" ಎಂದಷ್ಟೇ ಅಂದೆ.

"ಹೆಸರಿಗಷ್ಟ ನಿಂದ್ರೂದಾದ್ರ ಬ್ಯಾಡ. ಆರಿಸಿ ಬಂದ್ರ ನೀನ ಹೋಗಬೇಕು, ನೀನ ಮಾತಾಡಬೇಕು. ಸಹಿ ಒಬ್ಬರದು, ಮಾತು ಒಬ್ಬರದು ಆಗಬಾರದು. ಅಂಥಾದ್ದು ನಮ್ಮ ಮನಿತನದಾಗ ಇಲ್ಲ."

ನಾನು ಮತ್ತೆ ಹೂಂ ಅಂದೆ. ಅವರು ಹೊರಟುಹೋದರು. ಒಲೆಯ ಮೇಲಿನ ರೊಟ್ಟಿ ಸೀದು ಹೋಗಿತ್ತು. ಒಲೆಯ ಪಕ್ಕದಲ್ಲಿದ್ದ ಅತ್ತೆ ಅದನ್ನು ತೆಗೆದು ಎಮ್ಮೆಯ ಬುಟ್ಟಿಗೆ ಹಾಕಿದರು.

ನನಗೆ ಸಿಕ್ಕ ಚಿಹ್ನೆ ಹೊಲಿಗೆ ಯಂತ್ರ. ಗುಂಡಿ ಹಚ್ಚಲೂ ಬಾರದ ನಾನು ಮನೆಮನೆಗೆ ಹೋಗಿ ಹೊಲಿಗೆ ಯಂತ್ರದ ಚಿತ್ರ ತೋರಿಸಿದೆ. ಎಷ್ಟೋ ಹೆಂಗಸರು ಗೆದ್ದರೆ ಎಲ್ಲರಿಗೂ ಒಂದೊಂದು ಕೊಡುತ್ತಾರೆ ಎಂದೇ ತಿಳಿದಿದ್ದರು. ಅಲ್ಲ ಎಂದು ಹೇಳಿದಷ್ಟೂ, ಕೊಡದಿದ್ದರೂ ಪರವಾಗಿಲ್ಲ, ಹೊಲಿಯುವುದನ್ನಾದರೂ ಕಲಿಸು ಎಂದರು. ಇಂದಿಗೂ ಊರಲ್ಲಿ ಇಬ್ಬರು ಮುದುಕಿಯರು ನನ್ನನ್ನು ಮಶಿನ್ನವ್ವ ಎಂದು ಕರೆಯುತ್ತಾರೆ. ಪ್ರಚಾರದ ಮೊದಲ ದಿನ ಮಾವನವರು ನನ್ನನ್ನು ತಮ್ಮ ಹಿಂದೆ ಕರೆದುಕೊಂಡು ಗುಡಿಗೆ, ದರ್ಗಾಕ್ಕೆ, ಖಾಜಾ ಮಾಸ್ತರರ ಮನೆಗೆ ಹೋದರು. ಎದುರು ಪಕ್ಷದವರ ಮನೆಯಲ್ಲಿ ಕೂತು ಚಹಾ ಕುಡಿಯುವುದು ನನಗೆ ಶುದ್ಧ ಬೂಟಾಟಿಕೆಯಾಗಿ ಕಂಡಿತು. ಮಾಸ್ತರರ ಹೆಂಡತಿ ಒಳಗೆ ಕರೆದು ಕೈಗೆ ಎರಡು ಖರ್ಜೂರ ಇಟ್ಟರು. ನಮ್ಮ ಕಡೆಯವರಿಗೇ ವೋಟು ಹಾಕುತ್ತೇನೆ ತಂಗಿ, ನಿನಗೆ ಹಾಕುವುದಿಲ್ಲ, ಆದರೆ ಬಿಸಿಲಲ್ಲಿ ತಿರುಗುವವಳು ನೀರು ಕುಡಿಯದೆ ಇರಬೇಡ ಎಂದರು. ಇಷ್ಟು ನೇರವಾಗಿ ವೋಟು ನಿರಾಕರಿಸಿದವರನ್ನು ನಾನು ಆಮೇಲೆ ಕಂಡಿಲ್ಲ.

ಸ್ವಲ್ಪದರಲ್ಲಿ ಗೆದ್ದೆ. ಮೊದಲ ಸಭೆಯ ದಿನ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ನಮ್ಮವರ ಜೊತೆ ಪಂಚಾಯತಿಗೆ ಹೋದೆ. ಹಾರ ಹಾಕುವುದಕ್ಕೆ ಮಹಾದೇವ ವಕೀಲರೂ ಬಂದಿದ್ದರು. ಆರಿಸಿ ಬಂದ ಹೆಂಗಸರನ್ನು ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿದ್ದರು. ಒಳಗೆ ಕುರ್ಚಿಗಳ ಮೇಲೆ ಅವರ ಗಂಡಂದಿರು ಕೂತಿದ್ದರು. ಒಂದು ಕುರ್ಚಿ ಖಾಲಿ ಇತ್ತು. ಎಲ್ಲರೂ ಬರ್ರಿ ಬರ್ರಿ ಎಂದರು. ನಮ್ಮವರು ಆಚೀಚೆ ನೋಡಿ ಹೋಗಿ ಕೂತರು. ನಾನು ಚಾಪೆಯ ಕಡೆ ನಡೆದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ನಾನು ಒಂದು ಮಾತೂ ಆಡಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವನವರು ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು, ಕಟ್ಟೆಯ ಕಡೆ ನೋಡಿದರು. ಆಮೇಲೆ ತಮ್ಮ ಮಗನಿಗೆ ಒಂದೇ ಶಬ್ದ ಅಂದರು.

"ಏಳು."

ನಮ್ಮವರು ಎದ್ದರು. ಮಾವನವರ ದನಿ ಏರಲಿಲ್ಲ. "ಕುರ್ಚಿ ಯಾರ ಹೆಸರಿಲೆ ಐತಿ ಅವರು ಕುಂಡ್ರತಾರ. ನಮ್ಮ ಪಕ್ಷದಾಗ ಇದು ಮೊದಲಿಂದ ಬಂದ ಪದ್ಧತಿ" ಎಂದರು.

ಅಂಥ ಪದ್ಧತಿ ಎಲ್ಲಿಯೂ ಇರಲಿಲ್ಲ. ಹೆಂಗಸರು ಕೂಡುವ ಕುರ್ಚಿಯೇ ಆ ವರ್ಷ ಹುಟ್ಟಿದ್ದು, ಮೊದಲಿಂದ ಪದ್ಧತಿ ಎಲ್ಲಿಂದ ಬರಬೇಕು? ಆದರೆ ಮಾವನವರು ಮೊದಲಿಂದ ಎಂದು ಹೇಳಿದ ಮೇಲೆ ಅದನ್ನು ಪ್ರಶ್ನಿಸುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಒಬ್ಬೊಬ್ಬರಾಗಿ ಗಂಡಂದಿರು ಎದ್ದರು, ಒಬ್ಬೊಬ್ಬರಾಗಿ ನಾವು ಒಳಗೆ ಬಂದೆವು. ಮಹಾದೇವ ವಕೀಲರು ಹೊರಗೆ ಹೋಗುತ್ತ, ಗೌಡರು ಬಹಳ ಹಳೇ ಕಾಲದವರು ಎಂದು ಯಾರಿಗೋ ಹೇಳಿದರು. ನಾನು ಕುರ್ಚಿಯಲ್ಲಿ ಕೂತೆ. ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅವತ್ತು ನಾನು ಆಡಿದ್ದು ಒಂದೇ ಮಾತು, ಶಾಲೆಯ ಹಿಂದಿನ ಬೋರಿನ ಹಿಡಿಕೆ ಮುರಿದ ವಿಷಯ. ಹದಿನೈದು ದಿನಕ್ಕೆ ಹಿಡಿಕೆ ಬಂತು.

ಮಾವನವರನ್ನು ನಾನು ಆಗಿನಿಂದ ಬೇರೆ ಥರ ನೋಡತೊಡಗಿದೆ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಪಂಚಾಯತಿಯಲ್ಲಿ ಕುರ್ಚಿ ಸಿಕ್ಕ ನನಗೆ ಮನೆಯ ಪಡಸಾಲೆಯಲ್ಲಿ ಜಾಗ ಸಿಕ್ಕಿದ್ದು ಇನ್ನೂ ಮೂರು ವರ್ಷದ ಮೇಲೆ, ಅದೂ ಪಕ್ಷದ ಸದಸ್ಯೆಯಾದ್ದರಿಂದ. ಆ ಮನುಷ್ಯನ ಸಂಪ್ರದಾಯ ಒಂದು ಬಾಗಿಲು ತೆರೆಯುತ್ತಿತ್ತು, ಇನ್ನೊಂದನ್ನು ಹಾಗೇ ಇಟ್ಟಿರುತ್ತಿತ್ತು. ಯಾವುದನ್ನು ಯಾಕೆ ಎಂದು ಕೇಳಿದರೆ, ಅದು ಹಂಗ ಐತಿ ಅನ್ನುತ್ತಿದ್ದರು.

ಹೊಸ ಶತಮಾನ ಬರುವ ಹೊತ್ತಿಗೆ ನಮ್ಮ ಪಕ್ಷ ಒಂದು ಜೀಪಿನಲ್ಲಿ ಹಿಡಿಸದಾಯಿತು. ಮೋಟಾರ್‌ಸೈಕಲ್‌ಗಳು ಬಂದವು, ಬಾವುಟಗಳು ಬಂದವು, ಹಣೆಗೆ ಪಟ್ಟಿ ಕಟ್ಟಿದ ಹುಡುಗರು ಬಂದರು. ಮಹಾದೇವ ವಕೀಲರು ತಾಲೂಕಿನ ಅಧ್ಯಕ್ಷರಾದರು. ಪ್ಯಾಂಟು ಹೋಗಿ ಬಿಳಿ ಲುಂಗಿ ಬಂತು, ಮಾತಿನಲ್ಲಿ ಸಂಪ್ರದಾಯ ಎಂಬ ಶಬ್ದ ಬಂತು. ಹತ್ತು ವರ್ಷದ ಹಿಂದೆ ಅವರ ಬಾಯಲ್ಲಿ ಕಹಿಯಾಗಿದ್ದದ್ದು ಈಗ ಸಿಹಿಯಾಗಿತ್ತು. ಬಸವನ ಬಾಗೇವಾಡಿಯಲ್ಲಿ ಎರಡು ದಿನ ಕಾರ್ಯಕರ್ತರ ಶಿಬಿರ ನಡೆದಾಗ, ಹಿರಿಯರೆಂದು ಮಾವನವರನ್ನು ವೇದಿಕೆಗೆ ಕರೆದು, ನಮ್ಮ ಸಂಪ್ರದಾಯದ ಬಗ್ಗೆ ನಾಲ್ಕು ಮಾತು ಹೇಳಲು ಕೇಳಿದರು. ಅವರು ಎಣಿಸಿದಂತೆ ನಾಲ್ಕೇ ಹೇಳಿದರು. ವೇಳೆಗೆ ಬರಬೇಕು. ಮತ್ತೊಬ್ಬರ ಮಾತು ಮುಗಿಯುವ ತನಕ ಸುಮ್ಮನಿರಬೇಕು. ಸೋತವರ ಮನೆಯ ಮುಂದೆ ಪಟಾಕಿ ಹಾರಿಸಬಾರದು. ಕೊಟ್ಟ ಮಾತು ಮರೆತರೆ ಮರೆತೆ ಎಂದು ಒಪ್ಪಿಕೊಳ್ಳಬೇಕು. ಅಷ್ಟು ಹೇಳಿ ಇಳಿದು ಬಂದರು. ಹುಡುಗರು ಇನ್ನೂ ಏನೋ ಬರುತ್ತದೆಂದು ಕಾಯುತ್ತಿದ್ದರು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ನಾನು ಅವತ್ತು ಮುಜುಗರಪಟ್ಟೆ. ಇನ್ನಷ್ಟು ಚಂದ ಮಾತಾಡಬಹುದಿತ್ತಲ್ಲ ಎಂದು ಬಸ್ಸಿನಲ್ಲಿ ಅಂದೇಬಿಟ್ಟೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ, ಇದ್ದದ್ದೇ ನಾಲ್ಕು, ಐದನೆಯದನ್ನು ಎಲ್ಲಿಂದ ತರಲಿ ಎಂದರು.

ಅದಾದ ಎರಡು ವರ್ಷಕ್ಕೆ ದೊಡ್ಡ ಚುನಾವಣೆ. ಪ್ರಚಾರ ನಮ್ಮೂರ ಗುಡಿಯಿಂದಲೇ ಶುರು. ಬೆಳಿಗ್ಗೆ ಮನೆಯ ಮುಂದೆ ಐದು ಜೀಪು ನಿಂತವು. ನನಗೆ ಆ ದಿನ ಮೈಯೆಲ್ಲ ಉತ್ಸಾಹ. ಮುಂದೆ ಬರುವ ಜಿಲ್ಲಾ ಪಂಚಾಯತಿಯ ಚುನಾವಣೆಗೆ ನಮ್ಮ ಕ್ಷೇತ್ರದಿಂದ ನನ್ನ ಹೆಸರೇ ಮೇಲಿದೆ ಎಂದು ಮಹಾದೇವ ವಕೀಲರು ವಾರದ ಹಿಂದೆ ಹೇಳಿದ್ದರು. ಒಂದು ದಶಕ ಊರ ಪಂಚಾಯತಿಯಲ್ಲಿ ಬೋರು, ಗಟಾರು, ಬೀದಿದೀಪ ಎಂದು ತಿರುಗಿದವಳಿಗೆ ಅದು ಸಣ್ಣ ಆಸೆಯಾಗಿರಲಿಲ್ಲ.

ಗುಡಿಯ ಪೂಜೆ ಮುಗಿಯಿತು. ಮಾವನವರು ದರ್ಗಾದ ದಾರಿ ಹಿಡಿಯುವಷ್ಟರಲ್ಲಿ ವಕೀಲರು ಹತ್ತಿರ ಬಂದರು. ಈ ಸಲ ಗುಡಿಯಿಂದ ಸೀದಾ ಮೆರವಣಿಗೆ, ದರ್ಗಾಕ್ಕೆ ಹೋಗುವುದು ಬೇಡ ಎಂದರು. ಮಾವನವರು ಯಾಕೆ ಎಂದು ಕೇಳಿದರು. ಕಾಲ ಬದಲಾಗಿದೆ, ನಮ್ಮದು ಸಂಪ್ರದಾಯದ ಪಕ್ಷ ಅನ್ನುವುದು ಜನರಿಗೆ ಗೊತ್ತಾಗಬೇಕು ಎಂದು ವಕೀಲರು ಹೇಳಿದರು. ಮಾವನವರು ಟೊಪ್ಪಿಗೆ ತೆಗೆದು, ತಲೆ ಸವರಿಕೊಂಡು, ಮತ್ತೆ ಹಾಕಿಕೊಂಡರು. ಅವರು ಗಂಭೀರವಾಗಿ ಯೋಚಿಸುವಾಗ ಹಾಗೆ ಮಾಡುತ್ತಿದ್ದರು.

"ನಮ್ಮಪ್ಪ ಹೋಗತಿದ್ದ, ಅವರಪ್ಪ ಹೋಗತಿದ್ದ. ಅದನ್ನ ಬಿಡಾವ್ರು ನೀವು. ಮತ್ತ ಸಂಪ್ರದಾಯದವರು ನೀವು ಹ್ಯಾಂಗಾದ್ರಿ, ವಕೀಲ್ರ?"

ಅದು ಚುಚ್ಚುಮಾತಾಗಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ವಕೀಲರು ಕೆಟ್ಟವರಲ್ಲ, ಅವರು ಕಣ್ಣು ತಪ್ಪಿಸಿ, "ಹುಡುಗ್ರು ಕೇಳಾಂಗಿಲ್ರಿ ಗೌಡ್ರ" ಎಂದರು. ಅದು ನಿಜವೇ ಆಗಿತ್ತು. ಜೀಪುಗಳ ಹಾರ್ನು ಆಗಲೇ ಶುರುವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ವೈನಿ, ನೀವು ಮುಂದಿನ ಜೀಪಿನಲ್ಲಿ ಕೂಡ್ರಿ, ಮೇಲಿನವರು ನಿಮ್ಮನ್ನು ನೋಡಬೇಕು ಎಂದರು.

ನಾನು ಹೋದೆ. ಒಂದು ಕಾಲನ್ನು ಜೀಪಿನ ಮೆಟ್ಟಿಲ ಮೇಲೆ ಇಟ್ಟೆ. ಅಲ್ಲಿಂದ ಒಮ್ಮೆ ಮಾವನವರ ಕಡೆ ನೋಡಿದೆ.

"ಹೋಗವ್ವಾ. ಅದೂ ಪಕ್ಷದ ಕೆಲಸಾನ" ಎಂದರು ಅವರು. ಸಿಟ್ಟಿರಲಿಲ್ಲ, ಬೇಸರವೂ ಇದ್ದಂತೆ ಕಾಣಲಿಲ್ಲ. ಹೊಲಕ್ಕೆ ಹೋಗಿ ಬರುತ್ತೇನೆ ಅನ್ನುವ ಹಾಗೆ ಹೇಳಿ ನಡೆಯತೊಡಗಿದರು. ಅವರಿಗಿಂತ ಮುಂದೆ, ಆಗಲೇ ಇಪ್ಪತ್ತು ಹೆಜ್ಜೆ ದೂರದಲ್ಲಿ, ಸಕ್ಕರೆಯ ಪುಡಿಕೆ ಹಿಡಿದುಕೊಂಡು ಇನ್ನೊಬ್ಬರು ಹೊರಟಿದ್ದರು. ಅದು ನಮ್ಮವರು. ಆ ಮನುಷ್ಯ ಯಾರ ಮುಖವನ್ನೂ ನೋಡದೆ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ನನ್ನನ್ನು ಜೀಪಿನಿಂದ ಇಳಿಸಿದ್ದು ಯಾವ ತತ್ವವೂ ಅಲ್ಲ, ನಮ್ಮವರ ಆ ಬೆನ್ನು. ಹತ್ತು ನಿಮಿಷ ನಿಲ್ಲಿಸಿ, ಬಂದುಬಿಡುತ್ತೇನೆ ಎಂದು ವಕೀಲರಿಗೆ ಹೇಳಿ ಓಡಿದೆ. ಅವರು ಐದು ನಿಮಿಷ ನಿಂತರಂತೆ. ಅದಕ್ಕಿಂತ ಹೆಚ್ಚು ನಿಲ್ಲಲು ಅವರಿಂದ ಆಗಲಿಲ್ಲ.

ದರ್ಗಾದಲ್ಲಿ ಸಕ್ಕರೆ ಓದಿಸಿ ಖಾಜಾ ಮಾಸ್ತರರ ಮನೆಗೆ ಹೋದೆವು. ಮಾಸ್ತರರು ಹತ್ತಿಪ್ಪತ್ತು ಜನಕ್ಕೆಂದು ಚಹಾ ಮಾಡಿಸಿಟ್ಟಿದ್ದರು. ಮೂವರನ್ನು ನೋಡಿ, ಉಳಿದವರು ಎಲ್ಲಿ ಎಂದು ಕೇಳಿದರು. ಮುಂದೆ ಹೋಗಿದ್ದಾರೆ ಎಂದರು ಮಾವನವರು. ನೀವು ಹಿಂದೆ ಉಳಿದಿರಾ ಎಂದು ಮಾಸ್ತರರು ನಕ್ಕರು.

"ನಾ ಇದ್ದಲ್ಲೇ ಅದೇನಿ ಮಾಸ್ತರ. ಪಕ್ಷನ ಎತ್ತಾಗೋ ಹೊಂಟೈತಿ."

ಮಾಸ್ತರರು ಕಪ್ಪುಗಳನ್ನು ನಮ್ಮ ಕಡೆ ಸರಿಸಿದರು. ತಮ್ಮಲ್ಲೂ ಅದೇ ಕಥೆ ಎಂದು ಆಮೇಲೆ ಹೇಳಿದರು. ಈ ಸಲ ಗೌಡರ ಮನೆಗೆ ಚಹಾಕ್ಕೆ ಹೋಗಬೇಡಿ ಎಂದು ಅವರ ಪಕ್ಷದ ಹುಡುಗರೂ ಹೇಳಿದ್ದರಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕಪ್ಪು ತುಟಿಗೆ ಹಚ್ಚಿದರು. ಹೆಚ್ಚಾದ ಚಹಾವನ್ನು ನಾನು ಮೂರು ಕಪ್ಪು ಕುಡಿದೆ.

ಕಥೆಯಾಗಿದ್ದರೆ ಆ ಚುನಾವಣೆಯಲ್ಲಿ ನಮ್ಮ ಪಕ್ಷ ಸೋಲಬೇಕಿತ್ತು. ಸೋಲಲಿಲ್ಲ. ಚೆನ್ನಾಗಿ ಗೆದ್ದಿತು, ನಮ್ಮೂರಲ್ಲೂ ಮುಂದೆ ಬಂತು. ಜಿಲ್ಲಾ ಪಂಚಾಯತಿಯ ಟಿಕೆಟ್ಟು ಹೊರ್ತಿಯ ಕಡೆಯ ಇನ್ನೊಬ್ಬ ಹೆಣ್ಣುಮಗಳಿಗೆ ಹೋಯಿತು. ಎರಡು ದಿನ ಅಳುತ್ತ ಕೂತೆ, ಮೂರನೆಯ ದಿನ ಪಂಚಾಯತಿಗೆ ಹೋಗಿ ಬೀದಿದೀಪದ ಅರ್ಜಿ ಬರೆದೆ. ಮಾವನವರು ಗೆಲುವಿಗೆ ಸಂತೋಷಪಟ್ಟು ಮನೆಯವರಿಗೆಲ್ಲ ಪೇಢೆ ಹಂಚಿದರು. ಮರುದಿನ ಊರ ಘಟಕದ ಹೊಣೆಯನ್ನು ಬಿಡುತ್ತಿದ್ದೇನೆ ಎಂದು ಒಂದು ಸಾಲಿನ ಪತ್ರ ಬರೆದರು. ಅದೇ ಲಕೋಟೆಯಲ್ಲಿ ಆ ವರ್ಷದ ಸದಸ್ಯತ್ವದ ಅರ್ಜಿಯನ್ನೂ ತುಂಬಿ ಇಟ್ಟರು. ಬಿಟ್ಟರೆ ಪೂರಾ ಬಿಡಬೇಕಲ್ಲ, ಇದೇನು ಅರ್ಧ ಎಂದು ನಾನು ಕೇಳಿದೆ.

"ಮನ್ಯಾಗ ಮಾತಿಗೆ ಮಾತು ಬಂದ್ರ ಮನಿ ಬಿಡತಾರೇನವ್ವಾ? ಜಗಲಿ ಮ್ಯಾಲ ಹೋಗಿ ಕುಂಡ್ರತಾರ" ಎಂದರು.

ಅಲ್ಲಿಂದ ಅವರು ಜಗಲಿಯ ಮೇಲೆಯೇ ಕೂತರು, ನಿಜಕ್ಕೂ. ಸಭೆ ಒಳಗೆ ಪಡಸಾಲೆಯಲ್ಲಿ ನಮ್ಮವರ ಮತ್ತು ನನ್ನ ಹೊಣೆಯಲ್ಲಿ ನಡೆಯುತ್ತಿತ್ತು, ಅವರು ಹೊರಗೆ ನಿಂಬೆಹಣ್ಣು ಆರಿಸುತ್ತ ಕಿವಿ ಇತ್ತ ಕೊಟ್ಟಿರುತ್ತಿದ್ದರು. ಹಾಗೆ ಐದಾರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮಹಾದೇವ ವಕೀಲರು ಒಬ್ಬರೇ ಬಂದರು. ಜೀಪಿರಲಿಲ್ಲ, ಬಸ್ಸಿಳಿದು ನಡೆದು ಬಂದಿದ್ದರು. ಅವರ ಜಾಗಕ್ಕೆ ಪಕ್ಷದವರು ಒಬ್ಬ ಹೊಸ ಹುಡುಗನನ್ನು ತಂದಿದ್ದರು. ವಕೀಲರು ಮೆತ್ತಗಾಗಿದ್ದಾರೆ, ಎದುರು ಪಕ್ಷದವರ ಮದುವೆಗೆಲ್ಲ ಹೋಗುತ್ತಾರೆ, ಇಂಥ ಹಳೇ ಕಾಲದವರಿಂದ ಇನ್ನು ಆಗುವುದಿಲ್ಲ ಎಂದು ಹುಡುಗರು ಹೇಳಿದರಂತೆ. ಈಗ ನಾನೂ ಹಳೇ ಕಾಲದವನಾದೆ ಎಂದು ಹೇಳಿ ಅವರು ಮಾವನವರ ಪಕ್ಕ ಕೂತರು. ಮಾವನವರು ನಕ್ಕರು. ನಾನು ಅವರು ಹಾಗೆ ಹೊಟ್ಟೆ ಕುಣಿಯುವಂತೆ ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ. ನಗು ಮುಗಿದ ಮೇಲೆ ಒಂದು ಬುಟ್ಟಿ ನಿಂಬೆಹಣ್ಣು ಅವರ ಮುಂದೆ ಸರಿಸಿದರು. ಇಬ್ಬರೂ ಸಂಜೆಯ ಬಸ್ಸಿನ ತನಕ ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಮಾಡುತ್ತ ಕೂತಿದ್ದರು. ಆಮೇಲಿನ ಭಾನುವಾರಗಳಲ್ಲೂ ವಕೀಲರು ಬರತೊಡಗಿದರು.

ಮಾವನವರು ತುಂಬಿದ ವಯಸ್ಸಿನಲ್ಲಿ, ಹೆಚ್ಚು ಮಲಗದೆ ಹೋದರು. ಖಾಜಾ ಮಾಸ್ತರರು ಊರುಗೋಲು ಹಿಡಿದು ಬಂದು ಮೂರು ದಿನ ನಮ್ಮ ಜಗಲಿಯ ಮೇಲೆ ಕೂತಿದ್ದರು. ಆ ಮೂರು ದಿನ ಊರಲ್ಲಿ ಯಾವ ಪಕ್ಷದ ಮೈಕೂ ಸದ್ದು ಮಾಡಲಿಲ್ಲ.

ಸಿಂದಗಿಯ ಸಭೆ ಮುಗಿದ ಮೇಲೆ ನಾನು ಆ ತರುಣನನ್ನು ಮಾತಾಡಿಸಿದೆ. ಒಮ್ಮೆ ನಮ್ಮೂರಿಗೆ ಬಾರಪ್ಪ ಎಂದೆ. ಆಲಮೇಲದ ಮೇಲಿಂದ ಇಂಡಿಗೆ ಬರುವಾಗ ಬಸ್ಸಿನಲ್ಲಿ ಆತನಿಗೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸಂಪ್ರದಾಯ ಅಂದರೆ ಏನು ಎಂದು ಅದರ ನಿಜವಾದ ವಾರಸುದಾರಳಾದ ನಾನು ತಿಳಿಹೇಳುವವಳಿದ್ದೆ. ಚರ್ಚಾಸ್ಪರ್ಧೆಯ ಚಟ ಅಷ್ಟು ಬೇಗ ಹೋಗುವುದಿಲ್ಲ ನೋಡಿ.

ಆತ ಹೋದ ಭಾನುವಾರ ಸಭೆಗೇ ಬಂದ. ಸಭ್ಯ ಹುಡುಗ, ವೇಳೆಗೆ ಬಂದ. ಪಡಸಾಲೆಯನ್ನೆಲ್ಲ ಕಣ್ಣು ತುಂಬ ನೋಡಿ, ಇಂಥ ಮನೆತನಗಳೇ ನಮಗೆ ಮಾದರಿ ಎಂದ. ಹಿಂದೆ ಇಲ್ಲಿ ಸಭೆ ನಡೆಯುವಾಗ ಹೆಣ್ಣುಮಕ್ಕಳು ಪಡಸಾಲೆಗೆ ಕಾಲಿಡುತ್ತಿರಲಿಲ್ಲವಂತೆ, ಅಂಥ ಸಂಪ್ರದಾಯ ಈಗ ಎಲ್ಲಿದೆ ಎಂದ. ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಒಳಗಿಂದ ಅತ್ತೆ ಬಂದರು. ಎಂಬತ್ತು ದಾಟಿದ ಹೆಂಗಸು, ಗೋಡೆ ಹಿಡಿದು ನಿಧಾನ ನಡೆದು ಬಂದು, ಜಮಖಾನದ ನಟ್ಟನಡುವೆ ಕೂತರು.

"ಅದು ಗೌಡ್ರ ಸಂಪ್ರದಾಯ ಇತ್ತಪ್ಪಾ. ನಂದಲ್ಲ" ಎಂದರು.

ಹುಡುಗ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರು ಕೇಳಿದ್ರಿ?" ಎಂದರು ಅವರು.

ಮಾವನವರು ಕೇಳಿರಲಿಲ್ಲ. ಅವರ ಮಗ ಕೇಳಿರಲಿಲ್ಲ. ಮೊದಲ ವರ್ಷಗಳಲ್ಲಿ ಅದೇ ಬಾಗಿಲ ಹಿಂದೆ ಅವರ ಪಕ್ಕದಲ್ಲೇ ನಿಂತಿದ್ದ, ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ನಾನೂ ಕೇಳಿರಲಿಲ್ಲ. ನಿನಗೆ ಮನಸಿದೆಯೇ ಎಂದು ಮಾವನವರು ನನ್ನನ್ನು ಕೇಳಿದ ಬೆಳಿಗ್ಗೆ, ಸೀದ ರೊಟ್ಟಿ ತೆಗೆದವರು ಅಲ್ಲೇ ಇದ್ದರಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ನನಗೆ ಮರೆತುಹೋಯಿತು. ಸದಸ್ಯತ್ವದ ಅರ್ಜಿ ತಂದು ಅತ್ತೆಯ ಮುಂದೆ ಕೂತೆ. ಗಂಗವ್ವ ಎಂದು ಬರೆದೆ. ಅವರು ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಇಸಿದುಕೊಂಡು, ಬಹಳ ಹೊತ್ತು ತೆಗೆದುಕೊಂಡು, ತಮ್ಮ ಹೆಸರನ್ನು ತಾವೇ ಗೀಚಿದರು. ಅವರಿಗೆ ಬರೆಯಲು ಬರುತ್ತದೆಂದೂ ನನಗೆ ಗೊತ್ತಿರಲಿಲ್ಲ.

ಸಭೆ ಮುಂದುವರಿಯಿತು. ಸಭೆಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ತರಬೇಕು ಎಂದು ಓಣಿಯ ಹೆಣ್ಣುಮಕ್ಕಳು ಬಹಳ ದಿನದಿಂದ ಕೇಳುತ್ತಿದ್ದರು. ಮಾವನವರ ಕಾಲದಿಂದ ಬೆಳಿಗ್ಗೆಯೇ ನಡೆದಿದೆ, ಬದಲಿಸುವುದು ಬೇಡ ಎಂದು ನಾನು ಎಂದಿನಂತೆ ಹೇಳಿದೆ. ಕೈ ಎತ್ತಲು ಹೇಳಿದರು. ನಮ್ಮವರು, ವಕೀಲರು, ಇನ್ನಿಬ್ಬರು ನನ್ನ ಕಡೆ, ನಾನು ಸೇರಿ ಐದು ಕೈ. ಉಳಿದ ಐವರು ಹೆಣ್ಣುಮಕ್ಕಳು ಆ ಕಡೆ. ಆ ಹುಡುಗನಿಗೆ ಇಲ್ಲಿ ಕೈ ಎತ್ತುವ ಹಕ್ಕಿರಲಿಲ್ಲ. ಕೊನೆಗೆ ಅತ್ತೆ ನನ್ನ ಮುಖವನ್ನೇ ನೋಡುತ್ತ ಆ ಕಡೆ ಕೈ ಎತ್ತಿದರು. ಭಾನುವಾರ ಮುಂಜಾನೆ ಅಂದರೆ ಹೆಂಗಸರು ನೀರು ಕಾಸುವ ಹೊತ್ತು, ಇಷ್ಟೂ ತಿಳಿಯುವುದಿಲ್ಲವೇ ಎಂದು ಬೈದರು. ಒಂದು ಕೈಯಿಂದ ನಾನು ಸೋತೆ.

ಹಾಗಾಗಿ ಈಗ ಭಾನುವಾರ ಬೆಳಿಗ್ಗೆ ನನಗೆ ಪುರುಸೊತ್ತು. ಇದನ್ನು ಬರೆಯುತ್ತಿರುವುದು ಆ ಪುರುಸೊತ್ತಿನಲ್ಲೇ. ಮಧ್ಯಾಹ್ನದ ಸಭೆಗೆ ಹಸಿರು ಸೀರೆ ಉಡಲೋ ಕೆಂಪು ಉಡಲೋ ಎಂದು ಒಳಗಿಂದ ಅತ್ತೆ ಆಗಲೇ ಎರಡು ಸಲ ಕೇಳಿದ್ದಾರೆ. ನಾನು ಎದ್ದು ಹೋಗಿ ನೋಡಬೇಕು.